ಆರೋಗ್ಯ ಎಂಬ ಪದವಿಲ್ಲದ ವಿಧಿ: 371(ಜೆ)ಗೆ ಒಂದು ಟೀಕು

ಹೈದರಾಬಾದಿನ ಇಮ್ಲಿಬನ್ ಬಸ್ ನಿಲ್ದಾಣದಿಂದ ಅಫ್ಜಲ್‌ಗಂಜಿನ ಉಸ್ಮಾನಿಯಾ ದವಾಖಾನೆ ನಡೆದು ಹೋಗುವಷ್ಟೇ ದೂರ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ರಾಯಚೂರು, ಕಲಬುರಗಿ, ಬೀದರ್ ಕಡೆಯಿಂದ ಬೆಳಗಿನ ಜಾವ ಬಂದು ನಿಂತಾಗ, ಇಳಿಯುವವರಲ್ಲಿ ಯಾರು ಪೇಟೆ ಕೆಲಸಕ್ಕೆ ಬಂದವರು, ಯಾರು ದವಾಖಾನೆಗೆ ಬಂದವರು ಎಂದು ಗುರುತಿಸುವುದು ಕಷ್ಟವಲ್ಲ. ದವಾಖಾನೆಯವರ ಕೈಯಲ್ಲಿ ಎಕ್ಸ್‌ರೇ ಹಾಳೆಯ ಉದ್ದನೆಯ ಲಕೋಟೆ, ಬಗಲಲ್ಲಿ ರೊಟ್ಟಿ ಬುತ್ತಿ. ಈ ಊರಲ್ಲಿ ಬಹುಕಾಲದಿಂದ ಇರುವ ನನ್ನನ್ನು ಅವರು ಎಷ್ಟೋ ಸಲ ದಾರಿ ಕೇಳಿದ್ದಾರೆ. ‘ನಿಮ್ಮೂರಾಗ ತೋರಿಸಲಿಲ್ಲೇನು?’ ಎಂದರೆ ಉತ್ತರ ಬಹುತೇಕ ಒಂದೇ: ‘ತೋರ್ಸಿದ್ವಿರಿ. ಹೈದ್ರಾಬಾದಿಗೆ ಒಯ್ರಿ ಅಂದ್ರು.’

ಲೆಕ್ಕ ಹಾಕಿದರೆ ಅವರದೇನೂ ತಪ್ಪಿಲ್ಲ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್; ಬೆಂಗಳೂರು 700ರ ಹತ್ತಿರ. ರಾಯಚೂರಿನವರಿಗೂ ಬೆಂಗಳೂರಿನ ದಾರಿ ಹೈದರಾಬಾದಿನ ದಾರಿಯ ಎರಡು ಪಟ್ಟು. ರಾಜಧಾನಿ ಬದಲಾಗಿ ಏಳು ದಶಕ ಕಳೆದರೂ ಕಾಯಿಲೆ ಬಿದ್ದವರ ಕಾಲು ಹಳೆಯ ರಾಜಧಾನಿಯ ಕಡೆಗೇ ತಿರುಗುತ್ತದೆ.

ಈ ಊರಿನ ಹೆಸರು ಕನ್ನಡಿಗರ ಸಲುವಾಗಿ ಭಾರತದ ಸಂವಿಧಾನದೊಳಗೂ ಕೂತಿದೆ, 371(ಜೆ) ವಿಧಿಯಲ್ಲಿ. ಚುನಾವಣೆ ಬಂದಾಗ ಎಲ್ಲರ ಬಾಯಲ್ಲೂ ಓಡಾಡುವ ಈ ವಿಧಿಯನ್ನು ಕೂತು ಓದಿದವರು ಕಡಿಮೆ. ಹಳೆಯ ಪಂಡಿತರು ಟೀಕು ಬರೆಯುವಾಗ ಪದ ಬಿಡಿಸಿ, ಅನ್ವಯ ಹೇಳಿ, ಶಂಕೆ ಎತ್ತಿ, ಸಮಾಧಾನ ಕೊಟ್ಟು ಆಮೇಲೆ ತಾತ್ಪರ್ಯಕ್ಕೆ ಬರುತ್ತಿದ್ದರು. ಆ ಕ್ರಮವನ್ನೇ ಇಲ್ಲಿ ಆದಷ್ಟು ಹಿಡಿದಿದ್ದೇನೆ. ಸಾಲುಗಳ ಕನ್ನಡ ನನ್ನದು. ಅದು ಅಧಿಕೃತ ಪಾಠವಲ್ಲ, ಅರ್ಥ ಬಿಡಿಸಿದ್ದು ಅಷ್ಟೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಡೀ ವಿಧಿಯಲ್ಲಿ ಆರೋಗ್ಯ ಎಂಬ ಪದ ಒಮ್ಮೆಯೂ ಬರುವುದಿಲ್ಲ. ಆದರೂ ನಾನಿದನ್ನು ಆರೋಗ್ಯದ ಕಾನೂನೆಂದೇ ಓದುತ್ತೇನೆ. ಹಳ್ಳಿಯ ದವಾಖಾನೆಗೆ ಬೇಕಾದದ್ದು ದುಡ್ಡು ಮತ್ತು ಮಂದಿ; ಈ ವಿಧಿ ಮೊದಲಿಂದ ಕೊನೆಯವರೆಗೆ ಮಾತಾಡುವುದು ಅವೆರಡರ ಬಗ್ಗೆಯೇ.

ತಲೆಬರಹ: ಕರ್ನಾಟಕ ರಾಜ್ಯಕ್ಕೆ ಸಂಬಂಧಿಸಿದ ವಿಶೇಷ ಅವಕಾಶಗಳು.

ತಲೆಬರಹದಲ್ಲಿ ಕರ್ನಾಟಕ, ಒಳಗೆ ಹೈದರಾಬಾದ್-ಕರ್ನಾಟಕ. ಹೊರಗಿನಿಂದ ನೋಡಿದವರು ರಾಜ್ಯಕ್ಕೇ ಏನೋ ಸಿಕ್ಕಿದೆ ಎಂದುಕೊಳ್ಳಬಹುದು. ಸಿಕ್ಕಿದ್ದು ರಾಜ್ಯದ ಈಶಾನ್ಯ ಮೂಲೆಗೆ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳೇ ಇದರ ಮೂಲ. ಬಳ್ಳಾರಿ ನಿಜಾಮರದ್ದಾಗಿರಲಿಲ್ಲ, ಅದು ಮದರಾಸು ಪ್ರಾಂತ್ಯದಲ್ಲಿದ್ದು 1953ರಲ್ಲೇ ಮೈಸೂರಿಗೆ ಬಂದದ್ದು. ಹಿಂದುಳಿದಿರುವಿಕೆಯ ನೆಂಟಸ್ತನದಿಂದ ಅದೂ ಒಳಗೆ ಬಂತು. ರಾಯಚೂರಿನಿಂದ ಕೊಪ್ಪಳ, ಗುಲ್ಬರ್ಗದಿಂದ ಯಾದಗಿರಿ, ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ ಈಗ ಒಟ್ಟು ಏಳು ಜಿಲ್ಲೆ.

ನಿಜಾಮರ ಸಂಸ್ಥಾನ ಮೂರು ಭಾಷೆಯವರಿಗೆ ಹಂಚಿಹೋಯಿತಷ್ಟೆ. ಮರಾಠವಾಡಕ್ಕೆ ಸಂವಿಧಾನದ 371(2)ರ ಆಸರೆ 1956ರಲ್ಲೇ ಸಿಕ್ಕಿತು. ತೆಲಂಗಾಣವಿದ್ದ ಆಂಧ್ರಪ್ರದೇಶಕ್ಕೆ 1973ರ 32ನೇ ತಿದ್ದುಪಡಿಯಿಂದ 371(ಡಿ) ಬಂತು. ಕನ್ನಡದ ಪಾಲಿಗೆ ಬಂದದ್ದು 2012ರ 98ನೇ ತಿದ್ದುಪಡಿ. ಜಾರಿಯಾದದ್ದು 2013ರ ಅಕ್ಟೋಬರ್ 1ರಿಂದ. ಒಂದೇ ಮನೆಯಲ್ಲಿ ಹುಟ್ಟಿದ ಮೂವರಲ್ಲಿ ಒಬ್ಬನಿಗೆ ಮಾತ್ರ ಅರ್ಧ ಶತಮಾನಕ್ಕೂ ಮೀರಿ ತಡವಾಗಿ ಪಾಲು ಸಿಕ್ಕಂತಾಯಿತು. ಅದೂ ತಾನಾಗಿ ಸಿಗಲಿಲ್ಲ. ವೈಜನಾಥ ಪಾಟೀಲರಂಥವರು ಬೀದಿಯಲ್ಲಿ ಹೋರಾಡಿದರು. ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ದಿಲ್ಲಿಯಲ್ಲಿ ಪಟ್ಟು ಹಿಡಿದರು. ಅದಕ್ಕೂ ಮೊದಲೊಮ್ಮೆ ಕೇಂದ್ರ ಸರ್ಕಾರ ಈ ಬೇಡಿಕೆಯನ್ನು ಆಗದು ಎಂದು ತಿರುಗಿಸಿ ಕಳಿಸಿತ್ತು.

2019ರ ಸೆಪ್ಟೆಂಬರ್ 17ರಂದು ಪ್ರದೇಶದ ಹೆಸರು ‘ಕಲ್ಯಾಣ ಕರ್ನಾಟಕ’ವಾಯಿತು. ಸಂವಿಧಾನದ ಪುಟದಲ್ಲಿ ಹಳೆಯ ಹೆಸರೇ ಇದೆ. ಬಸ್ಸಿನ ಮೇಲೆ ಕಲ್ಯಾಣ, ಕಾನೂನಿನಲ್ಲಿ ಹೈದರಾಬಾದ್; ರೋಗಿ ಎರಡರ ಅಡಿಯಲ್ಲೂ ಓಡಾಡುತ್ತಾನೆ.

ಸಾಲು: ರಾಷ್ಟ್ರಪತಿಯವರು ಆದೇಶದ ಮೂಲಕ ಈ ಕೆಳಗಿನ ವಿಷಯಗಳಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆ ವಹಿಸಬಹುದು.

‘ವಹಿಸಬಹುದು’ ಎಂಬಲ್ಲಿನ ‘ಬಹುದು’ ಗಮನಿಸಿ. ಆದರೆ ಆದೇಶಗಳು 2013ರಲ್ಲೇ ಹೊರಟವು, ಹಾಗಾಗಿ ಅದನ್ನು ಹಿಡಿದು ಜಗ್ಗುವುದರಲ್ಲಿ ಅರ್ಥವಿಲ್ಲ. ಸಾರ್ವಜನಿಕ ಆರೋಗ್ಯ ಮತ್ತು ದವಾಖಾನೆಗಳು ರಾಜ್ಯ ಪಟ್ಟಿಯ ವಿಷಯ. ದಿನನಿತ್ಯದ ಅಧಿಕಾರ ಆರೋಗ್ಯ ಇಲಾಖೆಯದು, ಹಣಕಾಸಿನ ಕೀಲಿಕೈ ವಿಧಾನಸೌಧದ್ದು. ರಾಜ್ಯಪಾಲರ ಹೊಣೆ ಮೇಲಿನಿಂದ ನೋಡಿಕೊಳ್ಳುವವರದು. ಮುಂದಕ್ಕೆ ಹೋಗೋಣ.

ಸಾಲು: ಹೈದರಾಬಾದ್-ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅದರ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ.

ಮಂಡಳಿ ಹೊಸದಲ್ಲ. 1991ರ ರಾಜ್ಯ ಕಾಯ್ದೆಯಡಿ ಒಂದು ಮಂಡಳಿ ಮೊದಲೇ ಇತ್ತು. ಹೊಸದು ಎಂದರೆ ಅಲ್ಪವಿರಾಮದ ಆಚೆಗಿನ ಮಾತು: ವರ್ಷಕ್ಕೊಮ್ಮೆ ಸದನಕ್ಕೆ ವರದಿ. ಈ ಅರ್ಧ ಸಾಲನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಧಿಯಲ್ಲಿ ಜನರ ಕೈಗೆ ನೇರವಾಗಿ ಸಿಗುವ ಹಿಡಿಕೆ ಇದೊಂದೇ. ಕೊನೆಯಲ್ಲಿ ಇದಕ್ಕೆ ಮರಳಿ ಬರುತ್ತೇನೆ.

ಮಂಡಳಿಗೆ ರಾಜ್ಯ ಬಜೆಟ್ಟಿನಲ್ಲಿ ಇಡುವ ಹಣ ವರ್ಷಕ್ಕೆ 1,500 ಕೋಟಿ ರೂಪಾಯಿ ಇದ್ದದ್ದು 2022-23ರಲ್ಲಿ 3,000 ಕೋಟಿಗೆ, 2023-24ರಲ್ಲಿ 5,000 ಕೋಟಿಗೆ ಏರಿತು. ಅದನ್ನು ತಾಲ್ಲೂಕುಗಳಿಗೆ ಹಂಚುವ ಅಳತೆಗೋಲು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯದು. 2002ರ ಆ ವರದಿ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ತೂಗಿ 114ನ್ನು ಹಿಂದುಳಿದವು ಎಂದಿತು. ಅವುಗಳಲ್ಲೇ 39ನ್ನು ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. 35 ಸೂಚಕಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರ ಸೇರಿದವು: 10,000 ಜನಕ್ಕೆ ಎಷ್ಟು ವೈದ್ಯರು, 10,000 ಜನಕ್ಕೆ ಸರ್ಕಾರಿ ದವಾಖಾನೆಯ ಎಷ್ಟು ಹಾಸಿಗೆ. ಹಾಸಿಗೆ ದುಡ್ಡು ಕೊಟ್ಟರೆ ಬರುತ್ತದೆ. ವೈದ್ಯರು? ನಂಜುಂಡಪ್ಪನವರು ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟಿದ್ದರೂ ಅವು ಬರುವ ದಾರಿ ಬೇರೆ ಬೇರೆ. ಅದು ಮುಂದಿನ ಸಾಲಿನಲ್ಲಿ ತೆರೆದುಕೊಳ್ಳುತ್ತದೆ.

ಸಾಲು: ರಾಜ್ಯದ ಒಟ್ಟಾರೆ ಅಗತ್ಯಗಳಿಗೆ ಒಳಪಟ್ಟು, ಅಭಿವೃದ್ಧಿ ವೆಚ್ಚದ ಹಣ ಈ ಪ್ರದೇಶಕ್ಕೆ ನ್ಯಾಯೋಚಿತವಾಗಿ ಹಂಚಿಕೆಯಾಗಬೇಕು.

ಇಲ್ಲಿ ಮೂರು ಪದ ಬಿಡಿಸಬೇಕು.

‘ಒಳಪಟ್ಟು.’ ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಈ ಒಂದು ಪದದಲ್ಲಿ ಮೈತಳೆದಿದೆ. ಸಂವಿಧಾನ ಕೊಡು ಅನ್ನುತ್ತದೆ. ರಾಜ್ಯದ ಉಳಿದ ಅಗತ್ಯ ನೋಡಿಕೊಂಡು ಕೊಡು ಎಂದೂ ಅನ್ನುತ್ತದೆ. ಬೆಂಗಳೂರಿನ ಅಗತ್ಯಕ್ಕೆ ಎಂದಾದರೂ ಕೊನೆಯಿದೆಯೇ?

‘ನ್ಯಾಯೋಚಿತ’ ಎಂದರೆ ಸಮಾನ ಎಂದಲ್ಲ. ಇದು ತಿಳಿಯಲು ದೇಶದ ಆರೋಗ್ಯ ಇಲಾಖೆಗಳು ಬಳಸುವ ಪ್ರಮಾಣವನ್ನೇ ನೋಡಬಹುದು. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ. ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ ಅದೇ 20,000ಕ್ಕೊಂದು, 3,000ಕ್ಕೊಂದು. ಗುಡ್ಡದವರು ಹೆಚ್ಚು ನಡೆಯಬೇಕು, ಹಾಗಾಗಿ ಅವರಿಗೆ ಹೆಚ್ಚು ಕೇಂದ್ರ. ಈ ತರ್ಕ ಯಾದಗಿರಿ, ದೇವದುರ್ಗದ ಬಯಲಿಗೆ ದಕ್ಕುವುದಿಲ್ಲ. ಅಲ್ಲಿ ಗುಡ್ಡವಿಲ್ಲ, ಆದರೆ ಬೇಸಿಗೆಯಲ್ಲಿ ಕೆಲಸ ಹುಡುಕಿ ದೊಡ್ಡ ಊರಿಗೆ ಗುಳೆ ಹೋಗುವ ಕುಟುಂಬಗಳಿವೆ. ಗುಳೆ ಹೋದ ಬಸುರಿಯ ತಾಯಿ ಕಾರ್ಡು ಊರಲ್ಲಿ, ಆಕೆ ಇನ್ನೊಂದೂರಿನ ಕಟ್ಟಡದ ಸೆಡ್ಡಿನಲ್ಲಿ. ಜನಸಂಖ್ಯೆಯ ಪ್ರಮಾಣಕ್ಕೆ ಅವಳು ಲೆಕ್ಕಕ್ಕುಂಟು, ಸೇವೆಗೆ ಇಲ್ಲ.

ಮೂರನೆಯದು ‘ಅಭಿವೃದ್ಧಿ ವೆಚ್ಚ’. ಟೀಕಿನ ಗಂಟು ಇಲ್ಲೇ ಇದೆ. ಮಂಡಳಿಯ ಹಣ ಬಹುಮಟ್ಟಿಗೆ ಕಾಮಗಾರಿಯ ಹಣ: ಕಟ್ಟಡ, ರಸ್ತೆ, ಯಂತ್ರ, ಆಂಬುಲೆನ್ಸ್. ವೈದ್ಯರ ಸಂಬಳ, ಸಿಸ್ಟರ್ ಸಂಬಳ, ಲ್ಯಾಬ್ ಟೆಕ್ನಿಷಿಯನ್ ಸಂಬಳ ಆರೋಗ್ಯ ಇಲಾಖೆಯ ಬೇರೆ ನಲ್ಲಿಯಿಂದ ಹರಿಯಬೇಕು. ಗುತ್ತಿಗೆಯವರ ಸಂಬಳ ಮೂರನೇ ನಲ್ಲಿಯಿಂದ, ಅಂದರೆ ಕೇಂದ್ರ 60, ರಾಜ್ಯ 40ರ ಪ್ರಮಾಣದಲ್ಲಿ ಹಾಕುವ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ. ಮೂರು ನಲ್ಲಿಗೂ ಮೂರು ಕೈ. ಮಂಡಳಿ ಒಂದು ಹೆರಿಗೆ ಕೋಣೆ ಕಟ್ಟಿಸಿ ಟೈಲ್ಸ್ ಹಾಕಿಸಿ ಕೊಟ್ಟ ದಿನ ಅದರ ಲೆಕ್ಕ ಮುಗಿಯಿತು. ಕೋಣೆಗೆ ರಾತ್ರಿ ಪಾಳಿಯ ನರ್ಸ್ ಬಂದರೋ ಇಲ್ಲವೋ ಎಂಬುದು ಆ ಲೆಕ್ಕದ ಪುಸ್ತಕದಲ್ಲಿಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಎಲ್ಲರ ಹೆಸರೂ ಇರುತ್ತದೆ. ಅಲ್ಲಿ ಕೆಲಸ ಮಾಡಬೇಕಾದವರ ಹೆಸರೊಂದೇ ಇರುವುದಿಲ್ಲ.

ಶಂಕೆ: ಹಾಗಾದರೆ ಕಟ್ಟಡಕ್ಕೆ ಹಾಕಿದ ದುಡ್ಡು ದಂಡವೇ?

ಸಮಾಧಾನ: ಅಲ್ಲ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು, ಮಂಡಳಿಯ ಹಣದಲ್ಲಿ ಕಟ್ಟಿದ್ದು. ಹಾಸಿಗೆಗಳ ಸಂಖ್ಯೆ ಸರಿಯಾಗಿ 371. ವಿಧಿಯ ನೆನಪಿಗೆಂದೇ ಇಟ್ಟ ಸಂಖ್ಯೆ. ಸಂವಿಧಾನದ ವಿಧಿಯೊಂದನ್ನು ಹಾಸಿಗೆಯ ಲೆಕ್ಕದಲ್ಲಿ ಎಣಿಸಿದ ಊರು ಬೇರೆ ಇದೆಯೋ ಇಲ್ಲವೋ! ಎದೆನೋವಿಗೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಿದ್ದವರಿಗೆ ಇದು ದೊಡ್ಡ ಮಾತು. ಇದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ.

ಕಟ್ಟಡ ಕಟ್ಟದೆಯೂ ದುಡ್ಡು ಕೆಲಸ ಮಾಡಬಲ್ಲದು ಎಂಬುದಕ್ಕೂ ಸಾಕ್ಷಿ ಇದೇ ಪ್ರದೇಶದಲ್ಲಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದದ್ದು ಗುಲ್ಬರ್ಗ ವಿಭಾಗದಲ್ಲಿ, ಬಡತನ ರೇಖೆಯ ಕೆಳಗಿನವರಿಗೆ. ಅದರ ಮಾದರಿ ಹೈದರಾಬಾದಿನಿಂದ ಹೋದದ್ದು; 2007ರಲ್ಲಿ ಆಂಧ್ರದಲ್ಲಿ ರಾಜೀವ್ ಆರೋಗ್ಯಶ್ರೀ ಆರಂಭವಾಗಿತ್ತು. ಯೋಜನೆ ಬಂದ ಹಳ್ಳಿಗಳನ್ನೂ ಗಡಿಗೆ ಹತ್ತಿಕೊಂಡಿದ್ದು ಯೋಜನೆ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿ ನಡೆದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಡಿ ಬರುವ ಕಾಯಿಲೆಗಳಿಂದ ಸತ್ತ ಬಡವರ ಪ್ರಮಾಣ ಯೋಜನೆ ಇದ್ದ ಕಡೆ 0.32%, ಇಲ್ಲದ ಕಡೆ 0.90%. ಹಣ ಗೋಡೆಯಾಗದೆ ಚಿಕಿತ್ಸೆಯ ಬಿಲ್ಲಾಗಿ ಹೋದಾಗ ಇಷ್ಟು ಫಲ. ಆದರೆ ಆ ಚಿಕಿತ್ಸೆ ನಡೆದದ್ದು ದೂರದ ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ. ಹಳ್ಳಿಗೆ ಬಂದದ್ದು ತಪಾಸಣೆ ಶಿಬಿರ, ಆಮೇಲೆ ಬಸ್ ಚಾರ್ಜು.

108ರ ಕಥೆಯೂ ಇಂಥದ್ದೇ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಹುಟ್ಟಿದ ಆ ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ವಾಗಿ ಕರ್ನಾಟಕಕ್ಕೆ ಬಂತು. ಒಯ್ಯುವ ವ್ಯವಸ್ಥೆ ಚೆನ್ನಾಗಿ ಬೆಳೆಯಿತು. ಒಯ್ದು ಇಳಿಸುವ ಜಾಗದಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಉಳಿಯಿತು. ವಿಧಿಯ ಉಳಿದ ಸಾಲುಗಳು ಆ ಪ್ರಶ್ನೆಗೆ ಉತ್ತರ ಕೊಡಲು ಹೊರಡುತ್ತವೆ.

ಸಾಲು: ಸರ್ಕಾರಿ ಉದ್ಯೋಗ, ಶಿಕ್ಷಣ, ವೃತ್ತಿ ತರಬೇತಿಗಳಲ್ಲಿ ಈ ಪ್ರದೇಶದವರಿಗೆ ನ್ಯಾಯೋಚಿತ ಅವಕಾಶ, ಮತ್ತೆ ರಾಜ್ಯದ ಒಟ್ಟಾರೆ ಅಗತ್ಯಕ್ಕೆ ಒಳಪಟ್ಟು.

ಪೂಜಾರಿ ಇಲ್ಲೂ ಇದ್ದಾನೆ. ಮುಂದಿನ ಎರಡು ಸಾಲು ಇದರ ವಿಸ್ತಾರವೇ ಆದ್ದರಿಂದ ಇಲ್ಲಿ ನಿಲ್ಲುವುದಿಲ್ಲ.

ಸಾಲು: ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ, ಹುಟ್ಟಿನಿಂದಾಗಲಿ ವಾಸದಿಂದಾಗಲಿ ಇಲ್ಲಿಯವರಾದ ವಿದ್ಯಾರ್ಥಿಗಳಿಗೆ ಒಂದು ಪ್ರಮಾಣದ ಸೀಟುಗಳು ಮೀಸಲು.

‘ಒಂದು ಪ್ರಮಾಣ’ ಎಷ್ಟೆಂದು 2013ರ ಆದೇಶ ಹೇಳಿತು: ಪ್ರದೇಶದೊಳಗಿನ ಕಾಲೇಜುಗಳಲ್ಲಿ 70%, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8%.

ಈ ಸಾಲನ್ನು ಜನ ಓದುವುದು ಮೆಡಿಕಲ್ ಸೀಟಿನ ಆಸೆಯಿಂದ. ತಪ್ಪೇನಿಲ್ಲ. ಬಳ್ಳಾರಿಯಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಗುಲ್ಬರ್ಗದಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ಕಾಲೇಜು ಬಂದ ಮೇಲೆ ದಶಕಗಳ ಕಾಲ ಸರ್ಕಾರ ಈ ಕಡೆ ಇನ್ನೊಂದು ವೈದ್ಯಕೀಯ ಕಾಲೇಜು ತೆರೆಯಲಿಲ್ಲ. 2007ರಲ್ಲಿ ರಾಯಚೂರು, ಬೀದರ್; ಆಮೇಲೆ ಕಲಬುರಗಿ, ಕೊಪ್ಪಳ; ತೀರ ಈಚೆಗೆ ಯಾದಗಿರಿ. ಹೀಗಾಗಿ ಇವತ್ತು ಆ 70% ಎಂಬುದು ಬರಿಯ ಅಂಕಿಯಾಗಿ ಉಳಿದಿಲ್ಲ. ಅಖಿಲ ಭಾರತ ಕೋಟಾದ 15% ಕಳೆದು ಉಳಿದದ್ದರಲ್ಲಿ ಅದು ನೂರಾರು ಮಕ್ಕಳು.

ನಾನು ಈ ಸಾಲನ್ನು ಓದುವುದು ಇನ್ನೊಂದು ಕಾರಣಕ್ಕೆ. ದೂರದ ಹಳ್ಳಿಗಳಲ್ಲಿ ವೈದ್ಯರು ನಿಲ್ಲುವಂತೆ ಮಾಡುವುದು ಹೇಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಶಿಫಾರಸುಗಳನ್ನು ಹೊರಡಿಸಿತು, 2021ರಲ್ಲಿ ಅವನ್ನು ಪರಿಷ್ಕರಿಸಿತು. ಅವುಗಳಲ್ಲಿ ಮುಖ್ಯವಾದ ಎರಡು: ಹಳ್ಳಿಯ ಹಿನ್ನೆಲೆಯ ಮಕ್ಕಳಿಗೆ ಸೀಟು ಕೊಡಿ, ಕಾಲೇಜನ್ನು ರಾಜಧಾನಿಯಿಂದ ದೂರ ಕಟ್ಟಿ. ಎಲ್ಲಿ ಬೆಳೆದರೋ ಅಂಥ ಕಡೆ ದುಡಿಯುವ ಸಾಧ್ಯತೆ ಹೆಚ್ಚು ಎಂಬುದು ಬೇರೆ ಬೇರೆ ದೇಶಗಳಲ್ಲಿ ಕಂಡ ಅನುಭವ. ಅಂದರೆ ನಮ್ಮ ಹೋರಾಟಗಾರರು ಪ್ರಾದೇಶಿಕ ನ್ಯಾಯ ಕೇಳುತ್ತ, ತಮಗೇ ಅರಿವಿಲ್ಲದೆ ಗ್ರಾಮೀಣ ಆರೋಗ್ಯದ ಒಂದು ಗಟ್ಟಿ ನೀತಿಯನ್ನೂ ಸಂವಿಧಾನಕ್ಕೆ ಸೇರಿಸಿಬಿಟ್ಟಿದ್ದರು. ಇದು ನನ್ನ ಓದು. ವಿಧಿಯನ್ನು ಕರಡು ಮಾಡಿದವರ ತಲೆಯಲ್ಲಿ ಇದು ಇದ್ದಿರಲಾರದು.

ಆದರೆ ‘ಇಲ್ಲಿಯವರು’ ಎಂಬ ಪದದಲ್ಲಿ ಒಂದು ತೂತಿದೆ. ಕಲಬುರಗಿ ನಗರದಲ್ಲಿ ಹುಟ್ಟಿ ಕೋಚಿಂಗಿಗೆ ಹೈದರಾಬಾದಿನ ಅಮೀರ್‌ಪೇಟೆಗೋ ಬೆಂಗಳೂರಿಗೋ ಹೋಗಿ ಬಂದ ಮಗುವೂ ಇಲ್ಲಿಯದೇ. ಸುರಪುರದ ದೊಡ್ಡಿಯೊಂದರಲ್ಲಿ ಹುಟ್ಟಿ ಸರ್ಕಾರಿ ಶಾಲೆಯಲ್ಲಿ ಓದಿದ ಮಗುವೂ ಇಲ್ಲಿಯದೇ. ವಿಧಿಗೆ ಪ್ರದೇಶ ಗೊತ್ತು, ಹಳ್ಳಿ ಗೊತ್ತಿಲ್ಲ. ನೀಟ್ ಅಂಕದ ಸಾಲಿನಲ್ಲಿ ಇಬ್ಬರೂ ನಿಂತರೆ ಯಾರು ಮುಂದಿರುತ್ತಾರೆ ಎಂದು ಹೇಳಬೇಕಾಗಿಲ್ಲ. ಸೀಟು ಪ್ರದೇಶಕ್ಕೆ ಬಂತು, ಹಳ್ಳಿಯವರೆಗೆ ಹೋಗಲಿಲ್ಲ.

ಎರಡನೆಯ ತೂತು ಇನ್ನೂ ದೊಡ್ಡದು. ಈ ಸಾಲಿಗೂ ಮುಂದಿನ ಸಾಲಿಗೂ ನಡುವೆ ಕೊಂಡಿಯಿಲ್ಲ. 371(ಜೆ) ಸರ್ಟಿಫಿಕೇಟು ತೋರಿಸಿ ಸೀಟು ಪಡೆದವರು ಓದು ಮುಗಿಸಿ ಇಲ್ಲೇ ಕೆಲಸ ಮಾಡಬೇಕು ಎಂದು ವಿಧಿ ಎಲ್ಲೂ ಹೇಳುವುದಿಲ್ಲ. ಕಡ್ಡಾಯ ಗ್ರಾಮೀಣ ಸೇವೆಯ ಕಾಯ್ದೆ ಬೇರೆಯೇ ಇದೆ, 2012ರದ್ದು: ಒಂದು ವರ್ಷ ಸರ್ಕಾರ ಹೇಳಿದ ಕಡೆ ದುಡಿಯಬೇಕು, ತಪ್ಪಿದರೆ 15ರಿಂದ 30 ಲಕ್ಷ ರೂಪಾಯಿ ದಂಡ. 2023ರ ತಿದ್ದುಪಡಿಯ ನಂತರ ಅದೂ ಖಾಲಿ ಹುದ್ದೆ ಇದ್ದಷ್ಟಕ್ಕೆ. ಒಂದು ವರ್ಷ ಎಂದರೆ ಊರಿನ ರೋಗಿಗಳ ಮುಖ ಪರಿಚಯವಾಗುವಷ್ಟರಲ್ಲಿ ಬೀಳ್ಕೊಡುಗೆ. ಪಿಜಿ ಪರೀಕ್ಷೆಯ ಪುಸ್ತಕ ಮೇಜಿನ ಮೇಲಿಟ್ಟುಕೊಂಡೇ ಜ್ವರದ ಚೀಟಿ ಬರೆಯುವ ಹುಡುಗರನ್ನು ನಾನು ಕಂಡಿದ್ದೇನೆ. ಬೈಯುವಂತೆಯೂ ಇಲ್ಲ, ಅವರ ದಾರಿ ಅದು.

ಸಾಲು: ಈ ಪ್ರದೇಶದಲ್ಲಿನ ಸರ್ಕಾರಿ ಹುದ್ದೆಗಳನ್ನು ಗುರುತಿಸಿ, ಹುಟ್ಟಿನಿಂದಾಗಲಿ ವಾಸದಿಂದಾಗಲಿ ಇಲ್ಲಿಯವರಾದವರಿಗೆ ಒಂದು ಪ್ರಮಾಣವನ್ನು ಮೀಸಲಿಡುವುದು, ನೇರ ನೇಮಕಾತಿಯಲ್ಲೂ ಬಡ್ತಿಯಲ್ಲೂ.

ಪ್ರಮಾಣ ಹೀಗಿದೆ: ‘ಎ’ ಗುಂಪಿನ ಕಿರಿಯ ಶ್ರೇಣಿ ಮತ್ತು ‘ಬಿ’ ಗುಂಪಿನಲ್ಲಿ 75%, ‘ಸಿ’ ಗುಂಪಿನಲ್ಲಿ 80%, ‘ಡಿ’ ಗುಂಪಿನಲ್ಲಿ 85%. ಪ್ರದೇಶದ ಹೊರಗೆ, ರಾಜ್ಯದ ಉಳಿದ ಭಾಗದಲ್ಲಿ 8%.

ಮೀಸಲು ಎಂದರೆ ಭರ್ತಿ ಎಂದಲ್ಲ. ಇದನ್ನು ಬಿಡಿಸಿ ಹೇಳಬೇಕಾದ್ದೇ ಬೇಸರ. ಹುದ್ದೆ ಗುರುತಿಸಬೇಕು, ರೋಸ್ಟರ್ ಮಾಡಬೇಕು, ಹಣಕಾಸು ಇಲಾಖೆ ಒಪ್ಪಬೇಕು, ಅಧಿಸೂಚನೆ ಹೊರಡಬೇಕು, ಯಾರೋ ಕೋರ್ಟಿಗೆ ಹೋಗದಿರಬೇಕು, ಆಯ್ಕೆಯಾದವರು ಬಂದು ಹಾಜರಾಗಬೇಕು. ಹಾಜರಾದವರು ಮರುವರ್ಷ ಕೌನ್ಸೆಲಿಂಗ್‌ನಲ್ಲಿ ವರ್ಗ ತೆಗೆದುಕೊಳ್ಳದಿರಬೇಕು. ಇಷ್ಟು ಮೆಟ್ಟಿಲಲ್ಲಿ ಸಂವಿಧಾನ ಹತ್ತಿಸಿದ್ದು ಮೊದಲನೆಯದನ್ನು ಮಾತ್ರ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ: ಒಂದು ಕಡೆ ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಮುಗಿಸಿ ಕೆಲಸವಿಲ್ಲದವರು, ಇನ್ನೊಂದು ಕಡೆ ಸಿಸ್ಟರ್ ಇಲ್ಲದ ಪಾಳಿ.

ಆ 8% ಎಂಬ ಕಿಟಕಿಯನ್ನೂ ನೋಡಿ. ಇಲ್ಲಿಯವರಿಗೆ ಹೊರಗೂ ಅವಕಾಶ ಬೇಕು, ಅದು ನ್ಯಾಯವೇ. ಆದರೆ ಆರೋಗ್ಯದ ಕಣ್ಣಿನಿಂದ ನೋಡಿದರೆ, ಊರಿನಲ್ಲಿ ನಿಲ್ಲಿಸಲೆಂದು ಕಟ್ಟಿದ ಮನೆಗೆ ಹಿಂಬಾಗಿಲನ್ನೂ ಇಟ್ಟಂತೆ. ವಿಧಿಯ ಉದ್ದೇಶ ಉದ್ಯೋಗಿಗೆ ನ್ಯಾಯ, ರೋಗಿಗಲ್ಲ. ಎರಡೂ ಒಂದೇ ಕಡೆ ಸೇರಿದರೆ ಅದು ಅದೃಷ್ಟ.

ಕೆಲ ವರ್ಷದ ಹಿಂದೆ ಸಂಬಂಧಿಕರೊಬ್ಬರನ್ನು ಹೈದರಾಬಾದಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಡ್ರಿಪ್ ಬದಲಿಸಲು ಬಂದ ಸಿಸ್ಟರ್ ಮೊದಲು ತೆಲುಗಿನಲ್ಲಿ, ಆಮೇಲೆ ದಖನಿಯಲ್ಲಿ, ಕೊನೆಗೆ ನಮ್ಮ ಮಾತು ಕಿವಿಗೆ ಬಿದ್ದು ‘ನೀವು ಯಾವ ಕಡ್ಯಾರಿ ಕಾಕಾ?’ ಎಂದಳು. ನಮ್ಮವರದು ಮಾನ್ವಿ, ಅವಳದು ಸಿರವಾರ. ಅಕ್ಕಪಕ್ಕದ ತಾಲ್ಲೂಕು. ಒಬ್ಬರು ರೋಗಿಯಾಗಿ, ಒಬ್ಬಳು ನರ್ಸಾಗಿ, ಇನ್ನೂರು ಕಿಲೋಮೀಟರ್ ದೂರ ಬಂದು ಭೇಟಿಯಾದರು. ‘ಊರ ದವಾಖಾನ್ಯಾಗ ಯಾಕ ಮಾಡಲಿಲ್ಲವ್ವ?’ ಎಂದರೆ, ‘ಗುತ್ತಿಗಿ ಇತ್ತರಿ, ಆರು ತಿಂಗಳಿಗೊಮ್ಮೆ ಪಗಾರ ಆಗ್ತಿತ್ತು’ ಎಂದಳು.

ಅವಳ ಮಾತಿನಲ್ಲಿ ಈ ಸಾಲಿನ ಇನ್ನೊಂದು ಪದದ ಅರ್ಥ ಹೊಳೆಯಿತು: ‘ಹುದ್ದೆ’. ಮೀಸಲಾತಿ ಇರುವುದು ಹುದ್ದೆಗೆ. ಇವತ್ತು ಹಳ್ಳಿಯ ಆರೋಗ್ಯದ ಬಹುಪಾಲು ಕೆಲಸ ನಡೆಸುತ್ತಿರುವವರು ಕಾಯಂ ಹುದ್ದೆಯಲ್ಲಿಲ್ಲ. ಉಪಕೇಂದ್ರ ‘ಆಯುಷ್ಮಾನ್ ಆರೋಗ್ಯ ಮಂದಿರ’ವಾಗಿದೆ, ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಹೆಸರಿಗೆ ಅಧಿಕಾರಿ, ನೇಮಕ ಗುತ್ತಿಗೆ. ಪಕ್ಕದಲ್ಲಿ ಕೂರುವ ಎಎನ್ಎಂ ಈಗ ಸರ್ಕಾರದ ಕಾಗದದಲ್ಲಿ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’. ಹೆಸರುಗಳು ಬೆಳೆದಷ್ಟು ವೇಗದಲ್ಲಿ ಬೇರೇನೂ ಬೆಳೆಯಲಿಲ್ಲ. ಜನ ಅವರನ್ನು ಈಗಲೂ ಸಿಸ್ಟರ್ ಅನ್ನುತ್ತಾರೆ.

ಇನ್ನು ಆಶಾ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂದ ಈ ಕಾರ್ಯಕರ್ತೆ ಸುಮಾರು 1,000 ಜನಕ್ಕೆ ಒಬ್ಬಳು. ನಿಯಮದ ಪ್ರಕಾರ ಆಕೆ ಅದೇ ಹಳ್ಳಿಯಲ್ಲಿ ವಾಸವಿರಬೇಕು. ಸಾಮಾನ್ಯವಾಗಿ ಊರಿಗೆ ಸೊಸೆಯಾಗಿ ಬಂದವಳು. ‘ಹುಟ್ಟಿನಿಂದಾಗಲಿ ವಾಸದಿಂದಾಗಲಿ ಇಲ್ಲಿಯವರು’ ಎಂಬ ವಿಧಿಯ ಮಾತಿಗೆ ಅಕ್ಷರಶಃ ಒಪ್ಪುವ, ಎಲ್ಲಿಗೂ ವರ್ಗ ಕೇಳದ, ನೂರಕ್ಕೆ ನೂರು ಸ್ಥಳೀಯಳಾದ ಆರೋಗ್ಯ ಕೆಲಸಗಾತಿ ಇವಳೊಬ್ಬಳೇ. ಮತ್ತು ಇವಳದು ಹುದ್ದೆಯೇ ಅಲ್ಲ! ಅದು ಸ್ವಯಂಸೇವೆ, ಸಂಬಳದ ಬದಲು ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತದ್ದು ತಿಂಗಳ ಗೌರವಧನ ಇಷ್ಟೆಂದು ಖಾತ್ರಿ ಮಾಡಿ ಎಂದು. 75, 80, 85 ಎಂದು ಪ್ರಮಾಣ ಬರೆದ ಆದೇಶದ ಯಾವ ಗುಂಪಿನಲ್ಲೂ ಇವಳಿಲ್ಲ.

ಶಂಕೆ: ಹಾಗಾದರೆ ಈ ವಿಧಿಯಿಂದ ಆದದ್ದೇನು?

ಸಮಾಧಾನ: ಅದಿಲ್ಲದ ಕನ್ನಡದ ಊರುಗಳನ್ನು ನೋಡಿದರೆ ಗೊತ್ತಾಗುತ್ತದೆ. ರಾಯಚೂರಿನಿಂದ ಹೊಳೆ ದಾಟಿದರೆ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ. ಸುತ್ತಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕನ್ನಡ ಶಾಲೆಗಳೂ ಇವೆ, ಹೆಣ್ಣು ಕೊಟ್ಟು ತರುವುದೂ ಆಚೆ ದಡದಿಂದ. ಅಲ್ಲಿನ ಹುಡುಗಿಗೆ ರಾಯಚೂರಿನ ವೈದ್ಯಕೀಯ ಕಾಲೇಜಿನ ಆ 70%ರಲ್ಲಿ ಪಾಲಿಲ್ಲ. ಅದು ಅವಳೂರಿಗೆ ಹತ್ತಿರದ ಮೆಡಿಕಲ್ ಕಾಲೇಜುಗಳಲ್ಲಿ ಒಂದಾದರೂ. ಹೊಳೆಯ ರಾಯಚೂರು ದಡದವಳಿಗೆ ಇದೆ. ಮಂಡಳಿ, ಹಣ, ಸೀಟು ಇವೆಲ್ಲ ಬಂದವು. ಇಷ್ಟು ವರ್ಷದಲ್ಲಿ ರಾಯಚೂರಿನ ಜನ ಸುಮ್ಮನೆ ಕೂತೂ ಇಲ್ಲ. ತಮ್ಮೂರಿಗೆ ಏಮ್ಸ್ ಬೇಕೆಂದು 2022ರ ಮೇ 13ರಂದು ಅವರು ಹೂಡಿದ ಧರಣಿ 2025ರ ಫೆಬ್ರವರಿಯಲ್ಲಿ ಸಾವಿರ ದಿನ ದಾಟಿತು. ಆ ಬೇಡಿಕೆ ನ್ಯಾಯವಾದದ್ದೇ. ಏಮ್ಸ್ ಬಂದರೂ ಮಾನ್ವಿಯ ಹಳ್ಳಿಯ ಹೆರಿಗೆ ಕೋಣೆಗೆ ರಾತ್ರಿ ಪಾಳಿಯ ಸಿಸ್ಟರ್ ಬೇಕೇ ಬೇಕು ಎಂಬುದನ್ನು ಮಾತ್ರ ಅದೇ ಪೆಂಡಾಲಿನಲ್ಲಿ ಹೇಳುತ್ತಿರಬೇಕು.

ಮೊದಲು ಬಿಟ್ಟು ಬಂದ ಅರ್ಧ ಸಾಲಿಗೆ ಮರಳುತ್ತೇನೆ: ವರ್ಷಕ್ಕೊಮ್ಮೆ ವರದಿ, ವಿಧಾನಸಭೆಯ ಮುಂದೆ. ಆ ವರದಿಯಲ್ಲಿ ಎಷ್ಟು ಕೋಟಿ ಬಂತು, ಎಷ್ಟು ಕಾಮಗಾರಿ ಮುಗಿಯಿತು ಎಂಬ ಲೆಕ್ಕ ಹೇಗೂ ಇರುತ್ತದೆ. ಏಳು ಜಿಲ್ಲೆಯ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ನಿಮ್ಮ ಶಾಸಕರು ಹೊಸ ಆರೋಗ್ಯ ಕೇಂದ್ರದ ಉದ್ಘಾಟನೆಗೆ ಬಂದಾಗ, ಕಟ್ಟಡಕ್ಕೆ ಎಷ್ಟಾಯಿತು ಎಂದು ಕೇಳಬೇಡಿ, ಅದು ಕಲ್ಲಿನ ಮೇಲೆ ಬರೆದಿರುತ್ತದೆ. ಇದಕ್ಕೆ ಮಂಜೂರಾದ ಹುದ್ದೆ ಎಷ್ಟು, ಇವತ್ತು ಹಾಜರಿರುವವರು ಎಷ್ಟು, ಅವರಲ್ಲಿ ಗುತ್ತಿಗೆಯವರು ಎಷ್ಟು, ಅವರಿಗೆ ಹೋದ ತಿಂಗಳ ಪಗಾರ ಆಗಿದೆಯೇ ಎಂದು ಕೇಳಿ. ಉತ್ತರವನ್ನು ಬರೆದಿಟ್ಟುಕೊಳ್ಳಿ, ಮರುವರ್ಷ ಮತ್ತೆ ಕೇಳಿ.